ಕೆಂಪು ರಾಜ್ಯದ ಹದಿನೇಳು ಕುಂದು

ಕುಂದು ಹುಡುಕುವುದರಲ್ಲಿ ನನ್ನನ್ನು ಮೀರಿಸುವವನು ಇಳಕಲ್ಲಿನಿಂದ ಹುನಗುಂದದವರೆಗೆ ಇನ್ನೂ ಹುಟ್ಟಿಲ್ಲ! ಇದು ನನ್ನ ಮಾತಲ್ಲ, ನಮ್ಮೂರಿನ ನೇಕಾರರ ಮಾತು. ಹೇಳುವಾಗ ಅವರು ಹಲ್ಲು ಕಡಿಯುತ್ತಾರೆ, ಅಷ್ಟೇ. ನೇಕಾರರ ಸಂಘವೊಂದರಲ್ಲಿ ನಾನು ಸೀರೆ ಪಾಸ್ ಮಾಡುವ ಗುಮಾಸ್ತ. ನೇಯ್ದು ತಂದ ಸೀರೆಯನ್ನು ಮೇಜಿನ ಮೇಲೆ ಹಾಸಿ, ಅದಕ್ಕೆ ಮೂಗು ಹಚ್ಚಿ, ‘ದಡಿ ಸೊಟ್ಟ’, ‘ಎಳಿ ಬಿಟ್ಟೈತಿ’, ‘ಸೆರಗು ಗಿಡ್ಡ’ ಎಂದು ಚೀಟಿ ಬರೆದು ವಾಪಸ್ ಕಳಿಸುವುದು ನನ್ನ ಉದ್ಯೋಗ. ಹದಿನಾಲ್ಕು ವರ್ಷದಲ್ಲಿ ಕುಂದಿಲ್ಲದ ಸೀರೆ ನನ್ನ ಕಣ್ಣಿಗೆ ಎರಡೇ ಬಿದ್ದಿವೆ. ಅವೆರಡರ ಬಗ್ಗೆಯೂ ನನಗೆ ಇವತ್ತಿಗೂ ಅನುಮಾನವಿದೆ.

ಇಂಥ ಪ್ರತಿಭೆ ಬರೀ ಸೀರೆಗೆ ಮೀಸಲಾದರೆ ಲೋಕಕ್ಕೆ ಎಷ್ಟು ನಷ್ಟ! ಆದ್ದರಿಂದ ಎರಡು ಸಾವಿರದ ಮೂರನೇ ಇಸವಿಯಲ್ಲಿ, ಮನೆಗೆ ಕಂಪ್ಯೂಟರ್ ಬಂದ ತಿಂಗಳಿನಲ್ಲೇ, ನಾನೊಂದು ಘನಸಂಕಲ್ಪ ಮಾಡಿದೆ. ಇನ್ನು ಮುಂದೆ ಜಗತ್ತಿನ ಸಮಸ್ತ ಆಟದ ನಕ್ಷೆಗಳೂ ನನ್ನ ಮೂಗಿನ ಕೆಳಗೇ ಹಾದು ಹೋಗತಕ್ಕದ್ದು!

ಯಾವ ಆಟ ಅಂತ ಹೇಳಲೇಬೇಕಲ್ಲ. ರಾಜರು, ಮಂತ್ರವಾದಿಗಳು, ಬೆಂಕಿ ಉಗುಳುತ್ತ ಹಾರುವ ಸರ್ಪಗಳು ಇರುವ ದಂಡಯಾತ್ರೆಯ ಆಟ. ಚದುರಂಗದ ಹಾಗೆ ನಾವೊಂದು ಸಲ ನಡೆಸಿದರೆ ಕಂಪ್ಯೂಟರ್ ಒಂದು ಸಲ ನಡೆಸುತ್ತದೆ. ಗಣಿ ಹಿಡಿಯಬೇಕು, ದಂಡು ಕಟ್ಟಬೇಕು, ವೈರಿಯ ಕೋಟೆ ಗೆಲ್ಲಬೇಕು. ಅದರ ಸಿ.ಡಿ. ಕೊಟ್ಟವನು ನನ್ನ ಹೆಂಡತಿ ಸಪ್ನಾಳ ತಮ್ಮ ನಿಂಗರಾಜ. ಬಾಗಲಕೋಟೆಯ ನವನಗರದಲ್ಲಿ ಕಂಪ್ಯೂಟರ್ ಕ್ಲಾಸು ನಡೆಸುತ್ತಾನೆ. ಆಟದ ಜೊತೆ ಬಂದ ನಕ್ಷೆಗಳು ಮುಗಿದ ಮೇಲೆ ಏನು ಗತಿ ಎಂದು ನಾನು ಕಂಗಾಲಾದಾಗ ಅವನೇ ದಾರಿ ತೋರಿಸಿದ. ಈ ಆಟದ ಹುಚ್ಚಿರುವವರು ತಾವೇ ಹೊಸ ಹೊಸ ನಕ್ಷೆ ಮಾಡಿ ಇಂಟರ್‌ನೆಟ್ಟಿನಲ್ಲಿ ಇಡುತ್ತಾರಂತೆ. ಉಳಿದವರು ಅದನ್ನು ಆಡಿ ನೋಡಿ, ಹತ್ತಕ್ಕೆ ಇಷ್ಟು ಅಂಕ ಎಂದು ಅಭಿಪ್ರಾಯ ಬರೆಯುತ್ತಾರಂತೆ. ಅಂಕ ಕೊಡುವುದು! ಕುಂದು ಬರೆಯುವುದು! ಇದಕ್ಕಾಗಿಯೇ ಅಲ್ಲವೇ ನಾನು ಹುಟ್ಟಿದ್ದು? ಬಸ್‌ಸ್ಟ್ಯಾಂಡಿನ ಪಕ್ಕದ ಸೈಬರ್ ಅಂಗಡಿಯಿಂದ ಫ್ಲಾಪಿಯಲ್ಲಿ ನಕ್ಷೆ ತಂದು, ಆಡಿ, ಮತ್ತೆ ಹೋಗಿ ತೀರ್ಪು ಬರೆದು ಬರತೊಡಗಿದೆ. ಪೋಲೆಂಡು, ಬ್ರೆಜಿಲ್ಲು, ಎಲ್ಲೆಲ್ಲಿಯವರೋ ಮಾಡಿದ ನಕ್ಷೆಗಳು ನನ್ನ ಕೈಯಲ್ಲಿ ಫೇಲಾದವು. ಮೂರಕ್ಕಿಂತ ಹೆಚ್ಚು ಅಂಕ ಯಾರಿಗೂ ಕೊಡಲಿಲ್ಲ. ಅಭ್ಯಾಸ ಬಿಡಬಾರದು ನೋಡಿ.

ಇಷ್ಟೆಲ್ಲ ಸರಿ, ಕಂಪ್ಯೂಟರ್ ಇಡುವುದಕ್ಕೆ ಮನೆಯಲ್ಲಿ ಜಾಗ ಎಲ್ಲಿತ್ತು? ಪಡಸಾಲೆಯ ಮೂಲೆಯಲ್ಲಿ ನಮ್ಮವ್ವ ಶಿವಲಿಂಗವ್ವನ ಕುಣಿ ಮಗ್ಗವಿತ್ತು. ನೆಲದಲ್ಲಿ ಕುಣಿ ತೋಡಿ, ಅದರೊಳಗೆ ಕಾಲು ಇಳಿಬಿಟ್ಟು ಕೂತು ನೇಯುವ ಮಗ್ಗ. ನಲವತ್ತು ವರ್ಷ ಅವ್ವ ಅದರಲ್ಲಿ ನೇಯ್ದವಳು. ಮೊಣಕಾಲು ನೋವು ಬಂದು ಎರಡು ವರ್ಷದಿಂದ ಬಿಟ್ಟಿದ್ದಳು. ನಾನು ಮಗ್ಗದ ಕಟ್ಟಿಗೆಗಳನ್ನು ಬಿಚ್ಚಿ ಅಟ್ಟಕ್ಕೆ ಹಾಕಿ, ಕುಣಿಯ ಆಚೆ ಬದಿಗೆ ಗಿಡ್ಡ ಮೇಜು ಇಟ್ಟು, ಅದರ ಮೇಲೆ ಕಂಪ್ಯೂಟರ್ ಪ್ರತಿಷ್ಠಾಪಿಸಿದೆ. ಕುರ್ಚಿಯ ಖರ್ಚೂ ಉಳಿಯಿತು! ಅವ್ವ ಕೂಡುವ ಜಾಗದಲ್ಲೇ ಕೂತು, ಕಾಲನ್ನು ಕುಣಿಗೆ ಬಿಟ್ಟರೆ ಬೇಸಿಗೆಯಲ್ಲೂ ತಂಪು. ಕರೆಂಟು ಹೋದಾಗ ಹತ್ತು ನಿಮಿಷ ಜೀವ ಹಿಡಿಯುವ ಯುಪಿಎಸ್ಸು ಕುಣಿಯ ಒಳಗೆ ಕೂತು ಕೀ ಕೀ ಅನ್ನುತ್ತಿತ್ತು.

ಹೀಗೆ ನಾನು ಸುಖವಾಗಿ ರಾಜ್ಯಭಾರ ಮಾಡುತ್ತಿದ್ದಾಗ ಒಂದು ದಿನ ಅವ್ವ ಬಂದು ಬೆನ್ನ ಹಿಂದೆ ನಿಂತಳು.

“ಯಪ್ಪಾ ಶಿವಪುತ್ರ, ಪ್ರೀತಿಗೆ ಐದರಾಗ ಬಿದ್ದೈತಿ. ಏಳರಾಗ ಕುಬಸ. ಅಕಿಗೆ ಹಸರ ಸೀರಿ ನಾನ ನೇಯ್ತೇನಿ. ಕುಣಿ ಬಿಡು.”

ಪ್ರೀತಿ ನನ್ನ ತಂಗಿ. ಬಾದಾಮಿಗೆ ಕೊಟ್ಟಿದ್ದೇವೆ. ಚೊಚ್ಚಲ ಬಸುರಿ; ಕುಬಸವೆಂದರೆ ಅವಳ ಸೀಮಂತ.

“ಯವ್ವಾ, ಮೊಣಕಾಲು ನೋವು ಅಂತಿದ್ದಿ?”

“ಮೊಣಕಾಲು ನಂದು, ನೋವು ನಂದು, ನಿನಗೇನು ತ್ರಾಸ? ಈಗ ಕಡಿಮಿ ಆಗೇತಿ.”

“ಸಂಘದಾಗ ಗಂಟುಗಟ್ಟಲೆ ಸೀರಿ ಬಿದ್ದಾವ ಬೇ. ಚಲೋದು ಒಂದು ಆರಿಸಿ ತರ್ತೇನಿ.”

“ಅವೆಲ್ಲಾ ನೀ ಪಾಸ್ ಮಾಡಿದ್ದಲ್ಲೇನು?”

“ಹೌದು ಮತ್ತ!” ಎಂದೆ ಎದೆಯುಬ್ಬಿಸಿ.

“ಹಂಗಾರ ಬ್ಯಾಡ” ಎಂದಳು ಅವ್ವ. ಆಮೇಲೆ ಸ್ವಲ್ಪ ಮೆತ್ತಗಾಗಿ, “ನನ್ನ ಕುಬಸದ ಸೀರಿ ನಮ್ಮವ್ವ ನೇಯ್ದಿದ್ಲು. ನಿನ್ನ ಹೊಟ್ಟ್ಯಾಗ ಇಟಗೊಂಡು ಅದನ್ನ ಉಟ್ಟಿದ್ನಿ. ನನ್ನ ಮಗಳು ಕೊಂಡ ಸೀರಿ ಉಡಬೇಕೇನು?” ಎಂದಳು.

ಏಳಬೇಕೆಂದು ಒಂದು ಕಾಲನ್ನು ಕುಣಿಯಿಂದ ಮೇಲೆ ತೆಗೆದೆ. ಸುಳ್ಳು ಹೇಳುವುದಿಲ್ಲ. ಆದರೆ ಅದೇ ಹೊತ್ತಿಗೆ ಪರದೆಯ ಮೇಲೆ ವೈರಿಗಳು ನನ್ನ ಬಂಗಾರದ ಗಣಿಗೆ ಲಗ್ಗೆ ಹಾಕಿದ್ದರು. “ಈ ರಾಜ್ಯ ಒಂದು ಗೆದ್ದುಬಿಡ್ತೇನಿ, ಆಮ್ಯಾಲೆ ಬಿಡ್ತೇನಿ” ಎಂದೆ. ಆ ರಾಜ್ಯ ಗೆದ್ದೆ. ಇನ್ನೊಂದು ರಾಜ್ಯ ತಂದೆ. ಒಂದು ತಿಂಗಳು ಕಳೆಯಿತು. ಅವ್ವ ಮಾತು ಬಿಟ್ಟಳು. ಸಪ್ನಾ ಮಾತು ಬಿಡಲಿಲ್ಲ, ಅದು ಇನ್ನೂ ಕಷ್ಟ.

ಆಗ ಬಂತು ನಿಂಗರಾಜನ ಫೋನು. “ಮಾವಾರ, ‘ಕೆಂಪು ರಾಜ್ಯ’ ಅಂತ ಹೊಸಾ ನಕ್ಷೆ ಬಂದೈತ್ರಿ. ಮಾಡಿದಾಂವ ಯಾರೋ ‘ಜೇಡ’ ಅಂತ ಹೆಸರು ಇಟಗೊಂಡಾನ. ಇಲ್ಲೀತನಕ ಯಾರೂ ಗೆದ್ದಿಲ್ಲಂತ!”

“ಯಾರೂ ಗೆದ್ದಿಲ್ಲ ಅಂದ್ರ ನಾ ಆಡಿಲ್ಲ ಅಂತ ಅರ್ಥ” ಎಂದು ಫೋನು ಇಟ್ಟೆ. ಒಳಗೆ ರೊಟ್ಟಿ ಬಡಿಯುತ್ತಿದ್ದ ಸಪ್ನಾ ಅಷ್ಟೂ ಕೇಳಿಸಿಕೊಂಡಿದ್ದಳು.

“ರೀ, ಪಂಥ ಕಟ್ಟೂಣೇನು? ಎಂಟು ದಿನದಾಗ ಆ ನಕ್ಷೆ ಗೆದ್ರ ಕಂಪ್ಯೂಟರ್ ಅಲ್ಲೇ ಇರ್ಲಿ, ಅತ್ತಿಗೆ ನಾನ ಸಮಾಧಾನ ಹೇಳ್ತೇನಿ. ಗೆಲ್ಲಲಿಲ್ಲಂದ್ರ ಒಂಬತ್ತನೇ ದಿನಾ ಮಗ್ಗ ಅಟ್ಟದಿಂದ ಇಳೀಬೇಕು.”

“ಎಂಟು ದಿನಾ ಯಾಕ? ಎರಡ ಸಾಕು!”

“ಎಂಟು ಇರ್ಲಿ ಬಿಡ್ರಿ. ನಿಮಗ ಬೇಕಾಗ್ತಾವ” ಎಂದು ಸಪ್ನಾ ರೊಟ್ಟಿ ತಿರುವಿ ಹಾಕಿದಳು.

ನಕ್ಷೆ ಬಂತು. ಈ ಆಟದಲ್ಲಿ ನಕ್ಷೆ ಇಡಿಯಾಗಿ ಕಾಣುವುದಿಲ್ಲ. ಮೊದಲು ಎಲ್ಲಾ ಕತ್ತಲು, ದಂಡು ನಡೆದ ಕಡೆ ಮಾತ್ರ ಬೆಳಕು. ಪರದೆಯಲ್ಲಿ ಕಾಣುವುದು ಒಂದು ತುಣುಕು. ಮೂಲೆಯಲ್ಲಿ ಅವರೆಕಾಳಿನಷ್ಟು ಚಿಕ್ಕದೊಂದು ಪೂರ್ಣ ನಕ್ಷೆ ಇರುತ್ತದೆ. ಮೀಸೆ ಇದ್ದವರು ಅದನ್ನು ನೋಡಬಾರದು ಎಂಬುದು ನನ್ನ ಸಿದ್ಧಾಂತ.

ದಂಡು ಹೊರಡಿಸಿದೆ. ಮೊದಲು ಕೆಂಪು ಮರುಭೂಮಿ ಬಂತು. ದಾಟಿದರೆ ಬಿಳಿ ಹಿಮ! ಅದನ್ನು ದಾಟಿದರೆ ಮತ್ತೆ ಕೆಂಪು, ಮತ್ತೆ ಹಿಮ, ಮತ್ತೆ ಕೆಂಪು. ಗಡಿಯುದ್ದಕ್ಕೂ ಕೋಟೆಗಳು, ಬಾಯಿಯಲ್ಲಿ ಹಲ್ಲು ಜೋಡಿಸಿದ ಹಾಗೆ. ಗಿಡಗಳು ಗೆರೆ ಎಳೆದಂತೆ ಸಾಲು ಸಾಲು. ಕೊನೆಯ ಕೆಂಪು ಪಟ್ಟಿ ದಾಟಿದರೆ ಆಚೆ ವಿಶಾಲವಾದ ಹಚ್ಚ ಹಸಿರು ನಾಡು, ಅದರ ನಡುವೆ ವೈರಿ ರಾಜನ ಕೋಟೆ. ಅಲ್ಲಿಗೆ ಹೋಗುವುದು ಹೇಗೆ? ಗಡಿಗೆ ಮುಟ್ಟುವ ದಾರಿಗಳೇನೋ ಹತ್ತಾರು ಇದ್ದವು. ಒಂದೊಂದೂ ಗಡಿಯವರೆಗೆ ಹೋಗಿ, ಗುಂಡಗೆ ಬಾಗಿ, ಬಂದ ಕಡೆಗೇ ವಾಪಸ್! ನನ್ನ ದಂಡು ಹೋಗುವುದು, ತಿರುಗುವುದು, ಬರುವುದು. ನಾಲ್ಕು ದಿನ ಇದೇ ಕವಾಯತು.

ಐದನೆಯ ದಿನ ನನಗೆ ಸತ್ಯ ಹೊಳೆಯಿತು. ತಪ್ಪು ನನ್ನದಲ್ಲ, ನಕ್ಷೆಯದು! ಸೈಬರ್ ಅಂಗಡಿಗೆ ಹೋಗಿ, ನನ್ನ ಸಕಲ ಇಂಗ್ಲಿಷನ್ನೂ ಒಟ್ಟುಗೂಡಿಸಿ ಹದಿನೇಳು ಕುಂದು ಬರೆದೆ. ಮರುಭೂಮಿಯ ಮಗ್ಗುಲಿಗೇ ಹಿಮ ಇಟ್ಟವನು ಯಾವ ಸಾಲೆಯಲ್ಲಿ ಭೂಗೋಳ ಕಲಿತ? ಕೋಟೆಗಳನ್ನು ಯಾರಾದರೂ ಹೀಗೆ ಹಲ್ಲುಹಲ್ಲಾಗಿ ಕಟ್ಟುತ್ತಾರೆಯೇ? ಗಿಡ ನೆಟ್ಟವನು ತಲೆ ಬಾಚಲು ನೆಟ್ಟನೋ, ನೆರಳಿಗೆ ನೆಟ್ಟನೋ? ಹದಿನೇಳನೆಯದಕ್ಕೆ ಬಂದಾಗ ನನ್ನ ಲೇಖನಿ ಕತ್ತಿಯಾಗಿತ್ತು. ‘ಹೋದ ದಾರಿಗಳೆಲ್ಲ ಬಾಗಿ ಹಿಂದಕ್ಕೆ ಬರುತ್ತವೆ. ಮಾಡಿದವನಿಗೆ ದಾರಿ ಎಂದರೆ ಏನೆಂದೇ ಗೊತ್ತಿಲ್ಲ. ಹತ್ತಕ್ಕೆ ಎರಡು. ಒಂದು ಮಾಡಿದ್ದಕ್ಕೆ, ಇನ್ನೊಂದು ಮಾಡಿ ಮುಗಿಸಿದ್ದಕ್ಕೆ.’

ಮರುದಿನ ಉತ್ತರ ಬಂದಿತ್ತು. ಒಂದೇ ಸಾಲು: ‘ದಯವಿಟ್ಟು ಇದನ್ನು ನಿಮ್ಮ ತಾಯಿಗೆ ತೋರಿಸಿ.’

ತಾಯಿಗೆ! ನನ್ನ ಮೈಯೆಲ್ಲ ಉರಿದು ಹೋಯಿತು. ಸಂಘಕ್ಕೆ ಬಂದು ಪಕ್ಕದ ಮೇಜಿನ ಅಂದಾನಪ್ಪನಿಗೆ ಹೇಳಿದೆ. ಅಂದಾನಪ್ಪ ಕುಸ್ತಿ ಮಾಡಿದ ಮನುಷ್ಯ, ಈಗ ನೂಲಿನ ಲೆಕ್ಕ ಬರೆಯುತ್ತಾನೆ.

“ಅವ್ವನ ಮಟಾ ಬಂದ್ನಾ? ಬಿಡಬ್ಯಾಡಲೇ! ಯಾವೂರಾಂವ?”

“ಗೊತ್ತಿಲ್ಲೋ. ಜೇಡ ಅಂತ ಹೆಸರು.”

“ಹೆಸರ ಬರೋಬ್ಬರಿ ಇಲ್ಲ ನೋಡು ಮಗಂದು. ಇಂಟರ್‌ನೆಟ್ಟಿನ ಆಫೀಸು ಎಲ್ಲೈತಿ ಹೇಳು. ಹೋಗೂಣು ನಡಿ!” ಎಂದು ಅಂಗಿಯ ತೋಳು ಮಡಚಿದ.

ಇಂಟರ್‌ನೆಟ್ಟಿಗೆ ಆಫೀಸು ಇಲ್ಲ ಎಂದು ಅವನಿಗೆ ತಿಳಿಸಿ ಹೇಳುವಷ್ಟರಲ್ಲಿ ಮೂರು ಸೀರೆ ಪರೀಕ್ಷೆಗೆ ಬಂದವು. ಮೂರನ್ನೂ ನೋಡದೆಯೇ ಫೇಲ್ ಮಾಡಿದೆ. ಸಂಜೆ ಹೋಗಿ ಜೇಡನಿಗೆ ಮೂರು ಪುಟದ ಉತ್ತರ ಬರೆದೆ. ಅದರಲ್ಲಿ ಅವನ ಭೂಗೋಳ, ಅವನ ಸಂಸ್ಕಾರ, ಅವನ ಮನೆತನ, ಒಂದನ್ನೂ ಬಿಡಲಿಲ್ಲ. ಶನಿವಾರ ‘ಜ್ವರ’ ಎಂದು ಸಂಘಕ್ಕೆ ಚೀಟಿ ಕಳಿಸಿ ಇಡೀ ದಿನ ದಂಡು ನಡೆಸಿದೆ. ಹೋಗುವುದು, ತಿರುಗುವುದು, ಬರುವುದು.

ಎಂಟನೆಯ ದಿನ ಭಾನುವಾರ. ಮುಂಜಾನೆ ಹತ್ತಕ್ಕೆ ಕರೆಂಟು ಹೋಯಿತು! ಕುಣಿಯೊಳಗೆ ಯುಪಿಎಸ್ಸು ಕೀ ಕೀ ಎಂದು ಪ್ರಾಣ ಬಿಟ್ಟಿತು. ಆಟ ಉಳಿಸಿಕೊಂಡೆನಾದರೂ ಮುಂದೆ? ವೀರರು ಕರೆಂಟಿಗೆ ಕಾಯುವುದಿಲ್ಲ. ಈ ನಕ್ಷೆಯನ್ನು ಪಡಸಾಲೆಯ ನೆಲದ ಮೇಲೆ ಇಡಿಯಾಗಿ ಬಿಡಿಸಿ, ಸೇನಾಪತಿಯಂತೆ ಮೇಲಿಂದ ನೋಡಿ, ದಾರಿ ಹುಡುಕುತ್ತೇನೆ ಎಂದು ನಿರ್ಧರಿಸಿದೆ. ಸಪ್ನಾ ಹಿಟ್ಟಿನ ಗಿರಣಿಗೆ ಹೋಗಿದ್ದಳು. ಅಡಿಗೆಮನೆ ನನ್ನ ಕೈವಶವಾಗಿತ್ತು.

ಕೆಂಪು ಮರುಭೂಮಿಗೆ ಏನು? ಮೊನ್ನೆ ತಾನೇ ಕುಟ್ಟಿಸಿ ತುಂಬಿಟ್ಟಿದ್ದ ವರ್ಷದ ಕಾರಪುಡಿ! ಹಿಮಕ್ಕೆ ಉಪ್ಪು. ಹಸಿರು ನಾಡಿಗೆ ಹೆಸರುಕಾಳು. ದಾರಿಗಳಿಗೆ ಸಾಸಿವೆ, ಗಿಡಗಳ ಸಾಲಿಗೆ ಜೀರಿಗೆ, ಕೋಟೆಗಳಿಗೆ ಬೆಲ್ಲದ ಚೂರು. ಒಂದು ತಾಸು ಮೊಣಕಾಲೂರಿ ದುಡಿದೆ. ಕೆಂಪು, ಬಿಳಿ, ಕೆಂಪು, ಬಿಳಿ, ಕೆಂಪು. ಅದರಾಚೆ ಹಸಿರು. ಎದ್ದು ನಿಂತು ಸೊಂಟ ನೀವಿಕೊಂಡು ನೋಡಿದೆ. ಏನೂ ಹೊಳೆಯಲಿಲ್ಲ!

ಅಷ್ಟರಲ್ಲಿ ಅವ್ವ ಹಿತ್ತಲಿನಿಂದ ಒಳಗೆ ಬಂದಳು. ಇಷ್ಟು ದಿನ ನನ್ನ ಜೊತೆ ಮಾತಾಡದವಳು ಹೊಸ್ತಿಲಲ್ಲೇ ನಿಂತು ಬಾಯಿಗೆ ಸೆರಗು ಹಿಡಿದಳು.

“ಯಾಕಲೇ ಶಿವ್ಯಾ, ಕಾರಪುಡ್ಯಾಗ ಸೆರಗ ಯಾಕ ಬಿಡಿಸೀದಿ?”

“ಸೆರಗು? ಯಾವ ಸೆರಗು?”

“ಕಣ್ಣು ಏನಾಗ್ಯಾವು? ಮೂರು ಕೆಂಪು ಪಟ್ಟಿ, ನಡುವ ಎರಡು ಬಿಳಿ ಪಟ್ಟಿ. ಇದು ಕೋಟಿ ಕಮ್ಮಲಿ ಚಿತ್ತಾರ” ಎಂದು ನನ್ನ ಬೆಲ್ಲದ ಕೋಟೆಗಳನ್ನು ತೋರಿಸಿದಳು. “ಈ ಜೀರಗಿ ಸಾಲು ಬಾಚೂ ಹಣಿಗಿ. ಇದು ಜ್ವಾಳದ ತೆನಿ. ಆ ಹಸರದ್ದು ಸೀರಿ ಮೈ. ನಮ್ಮ ಇಳಕಲ್ಲ ಸೀರಿ ಸೆರಗು ಇದು! ದಿನಾ ಮೂಗು ಹಚ್ಚಿ ನೋಡ್ತಿಯಲ್ಲ, ಅದ!”

ನಾನು ನೋಡಿದೆ. ಮತ್ತೊಮ್ಮೆ ನೋಡಿದೆ. ನೆಲದ ಮೇಲೆ ಸಾಕ್ಷಾತ್ ಸೆರಗು ಮಲಗಿತ್ತು! ಹದಿನಾಲ್ಕು ವರ್ಷ ಸಾವಿರಾರು ಸೆರಗು ಪಾಸು ಫೇಲು ಮಾಡಿದ ಮಹಾನುಭಾವ, ಸೆರಗಿನ ಮೇಲೆ ಎಂಟು ದಿನ ದಂಡು ನಡೆಸಿ, ‘ಭೂಗೋಳ ಸರಿ ಇಲ್ಲ’ ಎಂದು ಜಗತ್ತಿಗೇ ಸಾರಿ ಬಂದಿದ್ದೆ.

“ಹಂಗಾರ… ಈ ದಾರಿ ಯಾಕ ಬಾಗಿ ಹಿಂದ ಬರ್ತಾವ ಬೇ?” ಎಂದೆ.

ಅವ್ವ ಗಡಿಯ ಹತ್ತಿರ ಕೂತಳು. ಸಾಸಿವೆಯ ಒಂದು ಬಾಗಿನ ಮೇಲೆ ಬೆರಳಿಟ್ಟಳು. ಏನೋ ಹೇಳಲು ಬಾಯಿ ತೆರೆದು, ಸುಮ್ಮನಾದಳು. ಪಂಥದ ಸಂಗತಿ ಅವಳಿಗೂ ಗೊತ್ತಿತ್ತಲ್ಲ! ಇವತ್ತು ನಾನು ಸೋತರೆ ನಾಳೆ ಅವಳ ಮಗ್ಗ ಇಳಿಯುತ್ತದೆ. ಅವಳು ಬಾಯಿ ಬಿಟ್ಟರೆ ಪ್ರೀತಿಯ ಸೀರೆ ಹೋಯಿತು. ಅವ್ವ ನನ್ನ ಮುಖ ನೋಡಿದಳು, ಸೆರಗು ನೋಡಿದಳು, ಮತ್ತೆ ನನ್ನ ಮುಖ ನೋಡಿದಳು.

“ಸೋತ್ರ ಸೋಲ್ತೇನಿ ಹೋಗ್ಲಿ. ನೇಕಾರರ ಹೊಟ್ಟ್ಯಾಗ ಹುಟ್ಟಿ, ಸೆರಗಿನ ಮುಂದ ಕುಂತು ಕೊಂಡಿ ಕಾಣದ ಮಗನ್ನ ನೋಡೂದು ನನ್ನ ಕೈಲೆ ಆಗೂದಿಲ್ಲ. ಲೇ ದಡ್ಡ, ಸೆರಗಿನ ಹಾಸಿನ ಎಳಿ ಬ್ಯಾರೆ, ಮೈ ಹಾಸಿನ ಎಳಿ ಬ್ಯಾರೆ. ಈ ಕಡೆ ಎಳಿ ಬಾಗಿಸಿ, ಆ ಕಡೆ ಎಳಿ ಅದರಾಗ ಸಿಗಿಸಿ ಕೊಂಡಿ ಹಾಕ್ತೀವಿ. ಎಳಿ ಹಿಂದ ಬರಾಕಬೇಕು, ಅದ ಅದರ ಧರ್ಮ. ಬಾಗಿದ ತುದ್ಯಾಗ ನೋಡು, ಆ ಕಡೆ ಕೊಂಡಿ ಅಲ್ಲೇ ಸಿಕ್ಕಿರತೈತಿ.”

ಬಾಗಿದ ತುದಿ! ದಾರಿ ತಿರುಗುವ ಜಾಗದಲ್ಲಿ ಪ್ರತಿಯೊಂದು ಕಡೆಯೂ ಒಂದು ಪೊದೆ ಇತ್ತು. ಪೊದೆಯೆಂದು ನಾನು ಅದರ ಕಡೆ ತಿರುಗಿಯೂ ನೋಡಿರಲಿಲ್ಲ. “ಯವ್ವಾ!” ಎಂದು ಕೂಗಿದೆ.

ಅದೇ ಕ್ಷಣಕ್ಕೆ ಕರೆಂಟು ಬಂತು.

ಕರೆಂಟು ಬಂದರೆ ಸಂತೋಷವೇ. ಆದರೆ ಪಡಸಾಲೆಯ ಫ್ಯಾನಿನ ಗುಂಡಿಯನ್ನು ಯಾರೂ ಆರಿಸಿರಲಿಲ್ಲ! ಅದು ಗರಗರ ಎಂದು ಎದ್ದಿತು. ನನ್ನ ಮೂರು ಕೆಂಪು ಮರುಭೂಮಿಗಳೂ ಒಟ್ಟಿಗೆ ಮೇಲೆದ್ದವು! “ಅಕ್ಷೀ!” ಎಂದಳು ಅವ್ವ. “ಅಕ್ಷೀ! ಅಕ್ಷೀ!” ಎಂದೆ ನಾನು. ಆಗಲೇ ಹಿಟ್ಟಿನ ಡಬ್ಬಿ ಹೊತ್ತು ಒಳಗೆ ಬಂದ ಸಪ್ನಾ “ಏನ್ರೀ ಇ… ಅಕ್ಷೀ!” ಎಂದು ಸೀನಿದ ರಭಸಕ್ಕೆ ಡಬ್ಬಿ ಕೈಜಾರಿ, ಕೆಂಪು ಮೋಡಕ್ಕೆ ಜೋಳದ ಹಿಟ್ಟಿನ ಬಿಳಿ ಮೋಡ ಕೂಡಿತು. ಓಣಿಯವರು ಬಾಗಿಲಿಗೆ ಬಂದು, ಸೀನಿ, ವಾಪಸ್ ಓಡಿದರು. ನಾನು ಫ್ಯಾನು ಆರಿಸಲು ಕಣ್ಣು ಮುಚ್ಚಿ ಮುನ್ನುಗ್ಗಿದವನು ಹೆಸರುಕಾಳಿನ ಮೇಲೆ ಕಾಲಿಟ್ಟು, ಜಾರಿ, ನೇರ ಹೋಗಿ ಕುಣಿಯಲ್ಲಿ ಬಿದ್ದೆ. ಯುಪಿಎಸ್ಸು ಮತ್ತೆ ಕೀ ಎಂದಿತು. ಈ ಸಲ ಅದಕ್ಕೆ ನಿಜವಾಗಿಯೂ ನೋವಾಗಿತ್ತು.

ಬಿದ್ದದ್ದೂ ಒಳ್ಳೆಯದೇ ಆಯಿತು, ಕಂಪ್ಯೂಟರ್ ಎದುರಿಗೇ ಇತ್ತು! ಫ್ಯಾನು ಸಪ್ನಾ ಆರಿಸಿದಳು. ನಾನು ಕಣ್ಣಲ್ಲಿ ಧಾರೆ ಸುರಿಸುತ್ತ, ಮೂಗು ಒರೆಸುತ್ತ ಆಟ ತೆರೆದೆ. ದಂಡನ್ನು ಬಾಗಿದ ದಾರಿಯ ತುದಿಗೆ ಕಳಿಸಿ, ಪೊದೆಯ ಮೇಲೆ ಒತ್ತಿದೆ. ಸುರಂಗ ತೆರೆಯಿತು! ದಂಡು ಹಸಿರು ನಾಡಿನಲ್ಲಿ ಎದ್ದಿತು! ಊಟದ ಹೊತ್ತಿಗೆ ವೈರಿಯ ಕೋಟೆ ನನ್ನದಾಯಿತು!

“ಗೆದ್ನಿ!” ಎಂದು ಕುಣಿಯಲ್ಲೇ ಎದ್ದು ನಿಂತೆ. “ಸಪ್ನಾ, ಎಂಟನೇ ದಿನಾ ಇನ್ನೂ ಮುಗಿದಿಲ್ಲ! ಕಂಪ್ಯೂಟರ್ ಇಲ್ಲೇ!”

ಅವ್ವ ನೆಲದ ಮೇಲಿನ ಹೆಸರುಕಾಳನ್ನು ಒಂದೊಂದಾಗಿ ಆರಿಸಿ ಉಡಿಗೆ ಹಾಕಿಕೊಳ್ಳುತ್ತಿದ್ದಳು. ಅವಳ ಕಣ್ಣಲ್ಲೂ ನೀರಿತ್ತು. ಕಾರಪುಡಿಯದೋ, ಬೇರೆಯದೋ, ಕೇಳುವ ಧೈರ್ಯ ನನಗಾಗಲಿಲ್ಲ.

ಸಪ್ನಾ ಮಾತ್ರ ಸಿಟ್ಟಾಗಲೇ ಇಲ್ಲ! ಮುಖದ ಹಿಟ್ಟು ಒರೆಸಿಕೊಳ್ಳುತ್ತ, “ಗೆದ್ದ ಮ್ಯಾಲೆ ಏನರ ಬರದಿರ್ತಾರಂತಲ್ರಿ? ಓದ್ರಿ ನೋಡೂಣು” ಎಂದಳು. ನಕ್ಷೆ ಮಾಡಿದವರು ಗೆದ್ದವರಿಗೆಂದು ಕೊನೆಯ ಕೋಟೆಯಲ್ಲಿ ಒಂದು ಓಲೆ ಇಟ್ಟಿರುವುದು ರೂಢಿ. ಒತ್ತಿದೆ. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ!

‘ಮಾವಾರಿಗೆ ನಿಂಗರಾಜನ ನಮಸ್ಕಾರ. ನೀವು ಇಲ್ಲೀತನಕ ಬಂದೀರಿ ಅಂದ್ರ ಅವ್ವಾರು ದಾರಿ ತೋರಿಸ್ಯಾರ ಅಂತನ ಅರ್ಥ. ನಿಮಗ ಒಬ್ರಿಗೇ ಇದು ಸಿಗೂದಲ್ಲ ಅಂತ ಅಕ್ಕ ಮೊದಲ ಹೇಳಿದ್ಲು. ಅಕ್ಕನ ಮದವಿ ಸೀರಿ ಸೆರಗು ನೋಡಿನ ಈ ನಕ್ಷೆ ಮಾಡೇನಿ. ಈಗ ಕುಣಿಯಿಂದ ಏಳ್ರಿ, ಅವ್ವಾರು ಕುಂದರಲಿ. ಸಿಟ್ಟಾಗಬ್ಯಾಡ್ರಿ.’

ಮದುವೆ ಸೀರೆ! ಅದನ್ನು ಪಾಸ್ ಮಾಡಿದವನೂ ನಾನೇ!

ನಾನು ತೆಪ್ಪಗೆ ಕುಣಿಯಿಂದ ಮೇಲೆ ಬಂದೆ. ಜೇಡನ ಮನೆತನಕ್ಕೆ ಬೈದು ಮೂರು ಪುಟ ಬರೆದದ್ದು ನೆನಪಾಯಿತು. ಅದು ನನ್ನ ಹೆಂಡತಿಯ ತವರುಮನೆ! (ಆ ಮೂರು ಪುಟವನ್ನು ನಿಂಗರಾಜ ತನ್ನ ಕ್ಲಾಸಿನಲ್ಲಿ ಇಂಗ್ಲಿಷ್ ತಪ್ಪು ತಿದ್ದುವ ಅಭ್ಯಾಸಕ್ಕೆ ಕೊಟ್ಟನಂತೆ. ಎಲ್ಲರಿಗೂ ಬಹಳ ಉಪಯೋಗವಾಯಿತಂತೆ.)

ಮರುದಿನ ಕಂಪ್ಯೂಟರ್ ಅಡಿಗೆಮನೆಯ ಜೋಳದ ಚೀಲಗಳ ಪಕ್ಕಕ್ಕೆ ಹೋಯಿತು, ಮಗ್ಗ ಅಟ್ಟದಿಂದ ಇಳಿಯಿತು. ಹಸಿರು ಮೈ ಹಾಸು ಬಂತು, ಕೆಂಪು ಸೆರಗಿನ ಹಾಸು ಬಂತು. ಕೊಂಡಿ ಹಾಕಲು ಅವ್ವನಿಗೆ ಇನ್ನೊಬ್ಬರು ಬೇಕಿತ್ತು. ಸಪ್ನಾ ನನ್ನ ಕಡೆ ಬೆರಳು ತೋರಿಸಿದಳು. “ಇವರಿಗೆ ದಾರಿ ಚಲೋ ಗೊತ್ತೈತ್ರಿ ಅತ್ತಿ. ಎಂಟು ದಿನಾ ಅಡ್ಡಾಡ್ಯಾರ.”

ಸಂಘದ ಕೆಲಸ ಮುಗಿಸಿ ಬಂದು ಎರಡು ಸಂಜೆ ಕೂತೆ. ಎಳೆ ಬಾಗಿಸು, ಸಿಗಿಸು, ಎಳೆ. ಎಳೆ ಬಾಗಿಸು, ಸಿಗಿಸು, ಎಳೆ. ಬೆರಳು ಬಾತವು, ಕುತ್ತಿಗೆ ಹಿಡಿಯಿತು. ‘ಎಳಿ ಬಿಟ್ಟೈತಿ’ ಎಂದು ಚೀಟಿ ಬರೆಯುವುದು ಎಷ್ಟು ಸಲೀಸು ಎಂದು ಜೀವನದಲ್ಲಿ ಮೊದಲ ಸಲ ಅರ್ಥವಾಯಿತು. ನೋಡದೆ ಫೇಲ್ ಮಾಡಿದ ಆ ಮೂರು ಸೀರೆಗಳನ್ನು ಮರುದಿನ ಸಂಘಕ್ಕೆ ಮತ್ತೆ ತರಿಸಿ, ಬಿಚ್ಚಿಸಿ ನೋಡಿದೆ. ಮೂರೂ ಚೆನ್ನಾಗಿದ್ದವು. ಪಾಸ್ ಮಾಡಿದೆ. ಅಂದಾನಪ್ಪ ನನ್ನ ಹಣೆ ಮುಟ್ಟಿ, “ಜ್ವರ ಇನ್ನೂ ಇಳಿದಿಲ್ಲೇನಲೇ?” ಎಂದ.

ಎರಡನೇ ಸಂಜೆ ಕೊಂಡಿ ಮುಗಿದಾಗ ಅವ್ವ ಕನ್ನಡಕ ಏರಿಸಿ ಹಾಸಿನ ಎಳೆಗಳಿಗೆ ಮೂಗು ಹಚ್ಚಿದಳು. ಥೇಟ್ ನನ್ನ ಹಾಗೆಯೇ! ಎಡ ದಡಿಯಿಂದ ಬಲ ದಡಿಯವರೆಗೆ ಒಂದೊಂದೇ ಎಳೆ ನೋಡಿದಳು. ನಾನು ಹಾಕಿದ್ದರಲ್ಲಿ ಹದಿನೇಳು ಕೊಂಡಿ ಬಿಚ್ಚಿ ಮತ್ತೆ ಹಾಕಿದಳು. ಸರಿಯಾಗಿ ಹದಿನೇಳು! ಕುಬಸದ ಸೀರೆಗೆ ಕುಂದು ಇರಬಾರದಂತೆ.

“ಅತ್ತೀ, ನಿಮ್ಮ ಮಗಗ ಹತ್ತಕ್ಕ ಎಷ್ಟು ಕೊಡ್ತೀರಿ?” ಎಂದಳು ಸಪ್ನಾ.

ಅವ್ವ ಕುಣಿಯಲ್ಲಿ ಕಾಲು ಇಳಿಬಿಟ್ಟು, ಆರಾಮಾಗಿ ಕೂತು, ಲಾಳಿ ಕೈಗೆ ತೆಗೆದುಕೊಂಡಳು.

“ಎರಡು. ಒಂದು ಕುಂತಿದ್ದಕ್ಕ, ಇನ್ನೊಂದು ಬಾಯಿ ಮುಚಗೊಂಡು ಕುಂತಿದ್ದಕ್ಕ.”